ಲೊಬೇಲಿಯ: ಪೊಟ್ಟಣದ ಮೇಲಿನ ತಿಂಗಳುಗಳು ಬೆಂಗಳೂರಿನವಲ್ಲ

ಪ್ರಶ್ನೆ: ನಾವು ಬೆಂಗಳೂರಿನಲ್ಲಿ ಮೂರನೇ ಮಹಡಿಯ ಮನೆಯಲ್ಲಿದ್ದೇವೆ. ತಾರಸಿಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಬಿಸಿಲಿರುತ್ತದೆ. ಇಂಗ್ಲೆಂಡಿನಲ್ಲಿರುವ ಮಗಳು ಬಂದಾಗ ನೀಲಿ ಲೊಬೇಲಿಯದ ಎರಡು ಪೊಟ್ಟಣ ಬೀಜ ತಂದುಕೊಟ್ಟಳು. ‘ಜನವರಿಯಿಂದ ಮಾರ್ಚ್‌ವರೆಗೆ ಬಿತ್ತಿ, ಪೂರ್ಣ ಬಿಸಿಲಿನಲ್ಲಿಡಿ, ಜೂನ್‌ನಿಂದ ಅಕ್ಟೋಬರ್‌ವರೆಗೆ ಹೂ’ ಎಂದು ಪೊಟ್ಟಣದ ಮೇಲಿತ್ತು. ಫೆಬ್ರವರಿಯಲ್ಲಿ ಒಂದು ಪೊಟ್ಟಣ ಬಿತ್ತಿದೆ. ಸಸಿಗಳು ಒತ್ತೊತ್ತಾಗಿ ಎದ್ದವು, ಆದರೆ ಎದ್ದ ಎರಡನೇ ವಾರದಲ್ಲಿ ಅರ್ಧಕ್ಕರ್ಧ ಒಂದೇ ರಾತ್ರಿಯಲ್ಲಿ ಬುಡ ಮಡಿಸಿ ಮಲಗಿದವು. ಉಳಿದವನ್ನು ಏಪ್ರಿಲ್‌ನಲ್ಲಿ ಕುಂಡಕ್ಕೆ ನೆಟ್ಟೆ. ನಾಲ್ಕಾರು ಹೂ ಬಿಟ್ಟು, ಮಧ್ಯಾಹ್ನವಾದರೆ ಬಾಡತೊಡಗಿದವು. ದಿನಕ್ಕೆ ಮೂರು ಸಲ ನೀರು ಕೊಟ್ಟರೂ ಹಳದಿಯಾಗಿ ಸತ್ತವು. ವಿದೇಶದ ಬೀಜ ನಮ್ಮ ಮಣ್ಣಿಗೆ ಒಗ್ಗುವುದಿಲ್ಲ ಎಂದು ಪಕ್ಕದ ಮನೆಯವರು ಹೇಳಿದರು. ಮೊಟ್ಟೆ ಚಿಪ್ಪಿನ ಪುಡಿ ಹಾಕಿ, ಹುಳಿ ಮಜ್ಜಿಗೆ ಹಾಕಿ ಎಂದೂ ಸಲಹೆ ಬಂತು. ಕೊಪ್ಪದ ಕಡೆಯವರಾದ ನಮ್ಮ ಅತ್ತೆಯವರು, ಇದು ಕಾಡುಹೊಗೆಸೊಪ್ಪಿನ ಜಾತಿಯ ವಿಷದ ಗಿಡ, ಎರಡು ವರ್ಷದ ಮೊಮ್ಮಗು ಇರುವ ಮನೆಯಲ್ಲಿ ಬೇಡವೇ ಬೇಡ ಎನ್ನುತ್ತಾರೆ. ಇನ್ನೊಂದು ಪೊಟ್ಟಣ ಹಾಗೆಯೇ ಇದೆ. ಬಿತ್ತಲೇ, ಬಿಡಲೇ?

ಉತ್ತರ: ನಿಮ್ಮ ಕೈಗುಣ ಕೆಟ್ಟಿಲ್ಲ, ಬೀಜವೂ ಕೆಟ್ಟದ್ದಲ್ಲ, ಅದು ಒತ್ತೊತ್ತಾಗಿ ಮೊಳೆತದ್ದೇ ಅದಕ್ಕೆ ಸಾಕ್ಷಿ. ತಪ್ಪಿದ್ದು ತಿಂಗಳು. ಸಸಿಗಳು ರಾತ್ರೋರಾತ್ರಿ ಮಲಗಿದ್ದು ಒಂದು ಕಾಯಿಲೆ, ಗಿಡಗಳು ಏಪ್ರಿಲ್‌ನಲ್ಲಿ ಬಾಡಿದ್ದು ಇನ್ನೊಂದು. ಇವೆರಡನ್ನೂ ಒಂದೇ ಎಂದು ತಿಳಿದು ಒಂದೇ ಮದ್ದು ಹುಡುಕಿದರೆ ಮುಂದಿನ ಸಲವೂ ಹೀಗೆಯೇ ಆಗುತ್ತದೆ. ನಿಮ್ಮ ಅತ್ತೆಯವರ ಮಾತಿನಲ್ಲಿ ಮಾತ್ರ ಮುಕ್ಕಾಲು ಪಾಲು ಸತ್ಯವಿದೆ, ಅದನ್ನು ಕೊನೆಯಲ್ಲಿ ವಿವರವಾಗಿ ನೋಡೋಣ.

ಮೊದಲು ತಿಂಗಳಿನ ವಿಚಾರ. ಲಂಡನ್ನಿನಲ್ಲಿ ಅತಿ ಹೆಚ್ಚು ಸೆಕೆಯ ತಿಂಗಳಾದ ಜುಲೈಯಲ್ಲಿ ಹಗಲಿನ ಸರಾಸರಿ ಗರಿಷ್ಠ ಉಷ್ಣತೆ ಸುಮಾರು 23–24 ಡಿಗ್ರಿ ಸೆಲ್ಸಿಯಸ್. ಬೆಂಗಳೂರಿನಲ್ಲಿ ನಾವು ಸ್ವೆಟರ್ ಹಾಕಿಕೊಳ್ಳುವ ಜನವರಿಯಲ್ಲಿಯೂ ಮಧ್ಯಾಹ್ನ 27 ಡಿಗ್ರಿ ದಾಟುತ್ತದೆ, ಬೆಳಗಿನ ಜಾವ 16ರ ಆಸುಪಾಸಿಗೆ ಇಳಿಯುತ್ತದೆ. ಅಂದರೆ ಅವರ ನಡುಬೇಸಿಗೆ ನಮ್ಮ ಚಳಿಗಾಲದ ಮಧ್ಯಾಹ್ನಕ್ಕಿಂತ ತಂಪು. ಪೊಟ್ಟಣದ ಮೇಲೆ ಬರೆದವರು ಜೂನ್ ಎಂದಾಗ ಅವರ ಮನಸ್ಸಿನಲ್ಲಿದ್ದ ಹವೆ ನಮಗೆ ಸಿಗುವುದು ಡಿಸೆಂಬರ್, ಜನವರಿಗಳಲ್ಲಿ ಮಾತ್ರ. ‘ಪೂರ್ಣ ಬಿಸಿಲು’ ಎಂಬ ಮಾತೂ ಹಾಗೆಯೇ. ಏಪ್ರಿಲ್ 24ರ ಹೊತ್ತಿಗೆ ಬೆಂಗಳೂರಿನಲ್ಲಿ ಸೂರ್ಯ ನಡುನೆತ್ತಿಗೆ ಬಂದು, ನೆಟ್ಟ ಕಂಬಕ್ಕೂ ನೆರಳಿಲ್ಲದ ದಿನವೊಂದು ಬರುವುದನ್ನು ನೀವು ಕೇಳಿರಬಹುದು. ಲಂಡನ್ನಿನ ಆಕಾಶದಲ್ಲಿ ಸೂರ್ಯ ಎಂದೂ ಅಷ್ಟು ಎತ್ತರಕ್ಕೆ ಏರುವುದಿಲ್ಲ. ನೀವು ಗಿಡಗಳನ್ನು ಕುಂಡಕ್ಕೆ ನೆಟ್ಟದ್ದು ಸರಿಯಾಗಿ ಆ ತಿಂಗಳಿನಲ್ಲಿ, ಅದೂ ಕಾದ ಕಾಂಕ್ರೀಟಿನ ಮೇಲೆ.

ವಿದೇಶದ ಬೀಜ ಒಗ್ಗುವುದಿಲ್ಲ ಎಂಬ ಮಾತನ್ನು ನಾನು ಸಸ್ಯಕ್ಷೇತ್ರದ ಕೆಲಸಕ್ಕೆ ಸೇರಿದ ದಿನದಿಂದ ಕೇಳುತ್ತಿದ್ದೇನೆ. ಆಯುಧಪೂಜೆಗೆ ನಾವು ಮಾರು ಮಾರು ಕೊಳ್ಳುವ ಚೆಂಡುಹೂವು ಮೆಕ್ಸಿಕೋದ ಕಡೆಯಿಂದ ಬಂದದ್ದು. ನಿಮ್ಮ ಲೊಬೇಲಿಯ ಇಂಗ್ಲೆಂಡಿನದೂ ಅಲ್ಲ; ಕುಂಡಗಳಲ್ಲಿ ಬೆಳೆಸುವ ಈ ಕುಳ್ಳು ನೀಲಿ ಗಿಡದ, ಅಂದರೆ ಲೊಬೇಲಿಯ ಎರೈನಸ್‌ನ, ತವರು ದಕ್ಷಿಣ ಆಫ್ರಿಕಾದ ಭಾಗ. ಅಲ್ಲಿ ಅದು ಒಂದಕ್ಕಿಂತ ಹೆಚ್ಚು ವರ್ಷ ಬಾಳಬಲ್ಲ ಗಿಡ. ಇಂಗ್ಲೆಂಡಿನಲ್ಲಿ ಹಿಮ ಕೊಲ್ಲುತ್ತದೆ, ನಮ್ಮಲ್ಲಿ ಬೇಸಿಗೆ ಕೊಲ್ಲುತ್ತದೆ, ಆದ್ದರಿಂದ ಎರಡೂ ಕಡೆ ಅದನ್ನು ಒಂದೇ ಋತುವಿನ ಹೂವೆಂದು ಬೆಳೆಸುತ್ತಾರೆ. ಮಣ್ಣಿನ ತಕರಾರು ಇದರಲ್ಲಿಲ್ಲ. ಆದರೆ ಒಂದು ಮಾತು: ಬಿತ್ತನೆ ಬೀಜವನ್ನು ಹೊರದೇಶದಿಂದ ತರುವುದಕ್ಕೆ 2003ರ ಸಸ್ಯ ಸಂಗರೋಧ ಆದೇಶದ ಅಡಿಯಲ್ಲಿ ಪರವಾನಗಿ, ಸಸ್ಯ ಆರೋಗ್ಯ ಪ್ರಮಾಣಪತ್ರ ಮುಂತಾದ ನಿಯಮಗಳಿವೆ. ಪೆಟ್ಟಿಗೆಯಲ್ಲಿಟ್ಟು ತರುವ ಪೊಟ್ಟಣಕ್ಕೂ ಅವು ಅನ್ವಯಿಸುತ್ತವೆ. ಮುಂದಿನ ಬಾರಿ ಇಲ್ಲಿಯೇ ಬೀಜದ ಅಂಗಡಿಯಲ್ಲಿ ಕೊಳ್ಳಿರಿ.

ಈಗ ರಾತ್ರೋರಾತ್ರಿ ಮಲಗಿದ ಸಸಿಗಳು. ಇದಕ್ಕೆ ಸಸಿ ಕೊಳೆ ರೋಗ ಎನ್ನುತ್ತಾರೆ. ಅಂಥ ಒಂದು ಸಸಿಯನ್ನು ಎತ್ತಿ ಭೂತಗನ್ನಡಿಯಲ್ಲಿ ನೋಡಿದರೆ, ಎಲೆ ಹಸಿರಾಗಿಯೇ ಇರುತ್ತದೆ, ಬೇರೂ ಬೆಳ್ಳಗಿರುತ್ತದೆ. ಮಣ್ಣಿಗೆ ತಾಗುವ ಕಡೆ ಮಾತ್ರ ಕಾಂಡ ಒದ್ದೆ ನೂಲಿನ ಹಾಗೆ ಸಣಕಲಾಗಿ, ಕಂದಾಗಿ ಹಿಂಡಿಕೊಂಡಿರುತ್ತದೆ. ಪಿಥಿಯಂ, ರೈಜೊಕ್ಟೋನಿಯ ಎಂಬ ಸೂಕ್ಷ್ಮಜೀವಿಗಳ ಕೆಲಸ ಅದು. ಅವು ಹಳೆಯ ಮಣ್ಣಿನಲ್ಲಿ, ತೊಳೆಯದ ಟ್ರೇಯಲ್ಲಿ, ಅರೆಬರೆ ಕಳಿತ ಗೊಬ್ಬರದಲ್ಲಿ ಇದ್ದೇ ಇರುತ್ತವೆ. ಸಸಿಗಳು ಒತ್ತಾಗಿ, ಗಾಳಿಯಾಡದೆ, ಸದಾ ಒದ್ದೆಯಾಗಿದ್ದರೆ ಅವುಗಳಿಗೆ ಹಬ್ಬ. ಲೊಬೇಲಿಯಕ್ಕೆ ಈ ಅಪಾಯ ಉಳಿದ ಹೂಗಳಿಗಿಂತ ಹೆಚ್ಚು, ಕಾರಣ ಬೀಜದ ಗಾತ್ರ. ಒಂದು ಗ್ರಾಂನಲ್ಲಿ ಸುಮಾರು ಮೂವತ್ತು ಸಾವಿರ ಬೀಜಗಳಿರುತ್ತವೆ. ರಾಗಿ ಇದರ ಪಕ್ಕದಲ್ಲಿ ಕಲ್ಲುಗುಂಡು. ಅಂಗೈ ಮೇಲೆ ಸುರಿದುಕೊಂಡರೆ ನಶ್ಯದ ಚಿಟಿಕೆಯಂತೆ ಕಾಣುತ್ತದೆ. ಎಷ್ಟು ಬಿತ್ತಿದೆವೆಂದು ಕೈಗೆ ತಿಳಿಯುವುದೇ ಇಲ್ಲ, ಹಾಗಾಗಿ ಎಲ್ಲರೂ ಹೆಚ್ಚಾಗಿಯೇ ಬಿತ್ತುತ್ತೇವೆ. ನಾನೇ ಒಂದು ವರ್ಷ ಆರು ಟ್ರೇಗಳ ಮೇಲೆ ಗಾಜು ಮುಚ್ಚಿ, ಮೊಳಕೆ ಬಂದ ಮೇಲೂ ಎರಡು ದಿನ ತೆಗೆಯದೆ ಮರೆತು, ಮೂರನೆಯ ಬೆಳಗ್ಗೆ ಬಂದು ನೋಡಿದರೆ ಆರೂ ಟ್ರೇಗಳ ನಡುವೆ ತಟ್ಟೆಯಗಲದ ಬೋಳು ಬಿದ್ದಿತ್ತು. ಅಂಚಿನಲ್ಲಿ ಗಾಳಿ ಸುಳಿಯುತ್ತಿದ್ದ ಕಡೆ ಮಾತ್ರ ಒಂದು ಸಾಲು ಉಳಿದಿತ್ತು.

ಆದ್ದರಿಂದ ಬಿತ್ತುವ ಕ್ರಮವನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ. ಟ್ರೇ ಹಳೆಯದಾದರೆ ಸೋಪಿನಿಂದ ತೊಳೆದು ಬಿಸಿಲಿನಲ್ಲಿ ಒಣಗಿಸಿರಿ. ಬಿತ್ತುವ ಮಿಶ್ರಣಕ್ಕೆ ಕುಂಡದ ಹಳೆಯ ಮಣ್ಣು ಬೇಡ. ತೆಂಗಿನ ನಾರಿನ ಪುಡಿಯನ್ನು, ಅಂದರೆ ಅಂಗಡಿಯ ಕೊಕೊಪೀಟನ್ನು, ಎರಡು ಮೂರು ಬಾರಿ ನೀರಿನಲ್ಲಿ ನೆನೆಸಿ ಹಿಂಡಿ ಅದರ ಉಪ್ಪಿನಂಶ ಕಳೆದು, ಮೂರು ಪಾಲು ಪುಡಿಗೆ ಒಂದು ಪಾಲು ಜರಡಿ ಹಿಡಿದ ಎರೆಗೊಬ್ಬರ ಸೇರಿಸಿರಿ. ಮಿಶ್ರಣವನ್ನು ಮೊದಲೇ ತೇವ ಮಾಡಿ, ಅಂಗೈಯಿಂದ ಮೆಲ್ಲಗೆ ಸಮತಟ್ಟು ಮಾಡಿರಿ. ಒಂದು ಚಿಟಿಕೆ ಬೀಜವನ್ನು ಎರಡು ಚಮಚ ಒಣ ಸಣ್ಣ ಮರಳಿನಲ್ಲಿ ಕಲಸಿ, ನಡುವೆ ಮಡಿಸಿದ ಕಾಗದದ ಮೇಲಿಟ್ಟು, ಬೆರಳಿನಿಂದ ಕಾಗದವನ್ನು ತಟ್ಟುತ್ತಾ ಉದುರಿಸಿರಿ. ಬಿಳಿ ಮರಳಾದರೆ ಎಲ್ಲಿ ಬಿತ್ತು, ಎಲ್ಲಿ ಬೀಳಲಿಲ್ಲ ಎಂಬುದು ಕಣ್ಣಿಗೆ ಕಾಣುತ್ತದೆ. ಬೀಜದ ಮೇಲೆ ಮಣ್ಣು ಮುಚ್ಚಲೇಬಾರದು, ಏಕೆಂದರೆ ಇದು ಮೊಳೆಯಲು ಬೆಳಕು ಬೇಕು. ಮೇಲಿನಿಂದ ನೀರು ಹೊಯ್ದರೆ ಬೀಜ ಒಂದು ಮೂಲೆಗೆ ಹರಿದು ಸೇರುತ್ತದೆ, ಆದ್ದರಿಂದ ಟ್ರೇಯನ್ನೇ ನೀರಿರುವ ತಟ್ಟೆಯಲ್ಲಿಟ್ಟು, ಮೇಲ್ಮೈ ಕಪ್ಪಗಾದ ಕೂಡಲೇ ಎತ್ತಿರಿ. ಎರಡರಿಂದ ಮೂರು ವಾರದೊಳಗೆ ಹಸಿರು ಪಾಚಿಯಂತೆ ಮೊಳಕೆ ಕಾಣುತ್ತದೆ. ಟ್ರೇ ಮೇಲೆ ಗಾಜು ಮುಚ್ಚಿದ್ದರೆ ಮೊಳಕೆ ಕಂಡ ದಿನವೇ ತೆಗೆದು, ಗಾಳಿ ಬೆಳಕಿರುವ, ಆದರೆ ನೇರ ಮಧ್ಯಾಹ್ನದ ಬಿಸಿಲಿಲ್ಲದ ಕಡೆ ಇಡಿರಿ.

ರೋಗ ಬಂದ ಮೇಲೆ ಮಲಗಿದ ಸಸಿಯನ್ನು ಎಬ್ಬಿಸುವ ಔಷಧಿ ಯಾವುದೂ ಇಲ್ಲ. ಸತ್ತ ತೇಪೆಯನ್ನು ಅದರ ಸುತ್ತಲಿನ ಒಂದಿಂಚು ಮಣ್ಣಿನೊಂದಿಗೆ ಚಮಚದಿಂದ ತೋಡಿ ತೆಗೆದು, ಎರಡು ದಿನ ನೀರು ಕೊಡದೆ, ಉಳಿದವನ್ನು ಉಳಿಸಿಕೊಳ್ಳಬೇಕಷ್ಟೆ. ಮುಂಜಾಗ್ರತೆಗೆ ಮಿಶ್ರಣದಲ್ಲಿ ಟ್ರೈಕೊಡರ್ಮ ಬೆರೆಸಬಹುದು. ಅದು ಉಪಕಾರಿ ಶಿಲೀಂಧ್ರವಾದ್ದರಿಂದ ಅದರ ಜೊತೆಗೇ ರಾಸಾಯನಿಕ ಶಿಲೀಂಧ್ರನಾಶಕ ಸುರಿದರೆ ಎರಡರ ಹಣವೂ ವ್ಯರ್ಥ. ಸಸಿಗಳನ್ನು ಬಿಡಿಬಿಡಿಯಾಗಿ ಕಿತ್ತು ನೆಡುವ ಸಾಹಸವೂ ಬೇಡ. ಅವು ಎರಡು ಸೆಂಟಿಮೀಟರಿನಷ್ಟಾದಾಗ ಐದಾರು ಸಸಿಗಳ ಗುಪ್ಪೆಯನ್ನೇ ಎತ್ತಿ ಒಂದು ಸಸಿಯೆಂಬಂತೆ ನೆಟ್ಟರೆ, ತುಂಬಿದ ಗಿಡವಾಗುತ್ತದೆ.

ಏಪ್ರಿಲ್‌ನಲ್ಲಿ ಬಾಡಿದ ಗಿಡಗಳಿಗೆ ಬರೋಣ. ಬಾಡುವಿಕೆ ಎರಡು ಬಗೆ. ಮಧ್ಯಾಹ್ನ ಸೋತು, ಸಂಜೆ ಆರು ಗಂಟೆಯ ಹೊತ್ತಿಗೆ ತಾನಾಗಿ ನಿಮಿರಿದರೆ ಅದು ಬಿಸಿಲಿನ ಆಯಾಸ. ಆಗ ಬೇಕಾದದ್ದು ನೆರಳು, ನೀರಲ್ಲ. ಮಣ್ಣು ಒದ್ದೆಯಿದ್ದೂ ಬೆಳಗ್ಗೆಯೇ ಸೋತಿದ್ದರೆ ಬೇರು ಕೊಳೆತಿದೆ ಎಂದರ್ಥ. ನಿಮ್ಮ ವಿವರಣೆಯನ್ನು ಓದಿದರೆ, ಮೊದಲನೆಯದು ಬಂದಾಗ ಕೊಟ್ಟ ಮೂರು ಹೊತ್ತಿನ ನೀರೇ ಎರಡನೆಯದನ್ನು ತಂದಿತೆಂದು ನನಗೆ ತೋರುತ್ತದೆ. ಲೊಬೇಲಿಯದ ಬೇರು ಕೂದಲಿನಷ್ಟು ಸಣ್ಣ, ಮೇಲಿನ ನಾಲ್ಕಾರು ಇಂಚಿನಲ್ಲಿಯೇ ಹರಡುವಂಥದು. ಕಪ್ಪು ಪ್ಲಾಸ್ಟಿಕ್ ಕುಂಡ ತಾರಸಿಯ ಬಿಸಿಲಿನಲ್ಲಿದ್ದರೆ ಅದರ ಗೋಡೆಗೆ ತಾಗಿದ ಬೇರು ಬೇಯುತ್ತದೆ. ಬೆಂದ ಬೇರು ನೀರು ಹೀರದು. ಹೀರದ ನೀರು ನಿಂತು ಕೊಳೆಯುತ್ತದೆ. ಹಾಗೆಂದು ಇದು ಒಣಗನ್ನು ತಡೆಯುವ ಗಿಡವೂ ಅಲ್ಲ. ಒಮ್ಮೆ ಪೂರ್ತಿ ಒಣಗಿದರೆ ಗರಿಗರಿಯಾಗಿ ಹೋಗುತ್ತದೆ, ಆಮೇಲೆ ಎಷ್ಟು ನೀರು ಕೊಟ್ಟರೂ ಚೇತರಿಸುವುದು ಅಪರೂಪ. ನೀರು ಯಾವಾಗ ಎಂಬುದಕ್ಕೆ ಗಡಿಯಾರ ನೋಡದೆ ಕುಂಡವನ್ನು ಎತ್ತಿ ನೋಡಿರಿ: ನೀರು ಹಾಕಿದ ಅರ್ಧ ಗಂಟೆಯ ಮೇಲೆ ಒಮ್ಮೆ ಎತ್ತಿ ಆ ಭಾರವನ್ನು ಕೈಯಲ್ಲಿ ನೆನಪಿಟ್ಟುಕೊಂಡರೆ, ಹಗುರವಾದದ್ದು ಒಂದು ವಾರದಲ್ಲಿ ಕೈಗೇ ಗೊತ್ತಾಗುತ್ತದೆ. ಚಳಿಗಾಲದಲ್ಲಿ ಬೆಳಗ್ಗೆ ಒಂದು ಸಲದ ನೀರು ಬಹುಮಟ್ಟಿಗೆ ಸಾಕು.

ಹಳದಿ ಬಣ್ಣಕ್ಕೆ ಇನ್ನೊಂದು ಕಾರಣವೂ ಇರಬಹುದು. ನೀವು ಕೊಟ್ಟದ್ದು ಕಾವೇರಿ ನೀರೋ ಬೋರ್‌ವೆಲ್ ನೀರೋ ತಿಳಿಸಿಲ್ಲ. ಬೋರ್‌ವೆಲ್ ನೀರು ಗಡಸಾಗಿದ್ದರೆ ಕುಂಡದ ಮಣ್ಣು ನಿಧಾನವಾಗಿ ಕ್ಷಾರವಾಗಿ, ಕಬ್ಬಿಣದ ಅಂಶ ಮಣ್ಣಿನಲ್ಲಿದ್ದರೂ ಗಿಡಕ್ಕೆ ಸಿಗದಂತಾಗುತ್ತದೆ. ಆಗ ಎಳೆಯ ಎಲೆಗಳೇ ಮೊದಲು ಹಳದಿಯಾಗುತ್ತವೆ, ನರಗಳು ಮಾತ್ರ ಹಸಿರಾಗಿ ಉಳಿಯುತ್ತವೆ. ಬುಡದ ಹಳೆಯ ಎಲೆಗಳು ಮೊದಲು ಹಳದಿಯಾದರೆ ಬೇರಿನ ತೊಂದರೆ ಅಥವಾ ಸಾರಜನಕದ ಕೊರತೆ ಎಂದು ತಿಳಿಯಬೇಕು. ಮೊಟ್ಟೆ ಚಿಪ್ಪಿನಲ್ಲಿರುವುದು ಸುಣ್ಣದಂಶ. ಗಡಸು ನೀರಿನಿಂದ ಈಗಾಗಲೇ ಸುಣ್ಣ ಹೆಚ್ಚಾದ ಕುಂಡಕ್ಕೆ ಮತ್ತೆ ಸುಣ್ಣ ಹಾಕುವುದರಲ್ಲಿ ಅರ್ಥವಿಲ್ಲ, ಅಲ್ಲದೆ ಚಿಪ್ಪು ಕರಗುವುದಕ್ಕೆ ತಿಂಗಳುಗಳೇ ಬೇಕು. ಅಷ್ಟರಲ್ಲಿ ಲೊಬೇಲಿಯದ ಆಯುಸ್ಸು ಮುಗಿದಿರುತ್ತದೆ. ಮಜ್ಜಿಗೆ ಕುಡಿಯುವುದಕ್ಕೆ ಒಳ್ಳೆಯದು. ಕುಂಡಕ್ಕೆ ಹೊಯ್ದರೆ ನುಸಿ, ವಾಸನೆ ಮತ್ತು ಬೂಷ್ಟು. ಗೊಬ್ಬರವೆಂದರೆ ನೆಟ್ಟ ಎರಡು ವಾರದ ಮೇಲೆ, ನೀರಿನಲ್ಲಿ ಕರಗುವ 19:19:19 ಅನ್ನು, ಅಂದರೆ ಸಾರಜನಕ, ರಂಜಕ, ಪೊಟ್ಯಾಷ್ ಮೂರೂ ಸಮಪ್ರಮಾಣದಲ್ಲಿರುವ ಗೊಬ್ಬರವನ್ನು, ಲೀಟರಿಗೆ ಒಂದು ಗ್ರಾಂ ಲೆಕ್ಕದಲ್ಲಿ ಹದಿನೈದು ದಿನಕ್ಕೊಮ್ಮೆ ಕೊಡಿರಿ. ಇದಕ್ಕಿಂತ ಹೆಚ್ಚಾದರೆ ಸೊಪ್ಪು ಬೆಳೆಯುತ್ತದೆ, ಹೂ ಕಡಿಮೆಯಾಗುತ್ತದೆ.

ಇನ್ನು ನಿಮ್ಮ ಮುಂದಿರುವ ದಾರಿಗಳು. ಬಿತ್ತುವುದಾದರೆ ಸೆಪ್ಟೆಂಬರ್ ಕೊನೆ ಅಥವಾ ಅಕ್ಟೋಬರ್ ಮೊದಲ ವಾರ ಬಿತ್ತಿರಿ. ಬಿತ್ತಿದಂದಿನಿಂದ ಹೂವಿಗೆ ಸುಮಾರು ಮೂರು ತಿಂಗಳು ಹಿಡಿಯುತ್ತದೆ, ಹಾಗಾಗಿ ಡಿಸೆಂಬರ್ ಕೊನೆಗೆ ಮೊದಲ ಹೂ, ಜನವರಿಯಲ್ಲಿ ತುಂಬು ಹೂ. ಲಾಲ್‌ಬಾಗಿನ ಗಣರಾಜ್ಯೋತ್ಸವದ ಫಲಪುಷ್ಪ ಪ್ರದರ್ಶನದ ಕಾಲಕ್ಕೆ ಪೆಟೂನಿಯ, ಸಾಲ್ವಿಯಗಳನ್ನು ಅರಳಿಸುವವರ ಲೆಕ್ಕವೂ ಬಹುಮಟ್ಟಿಗೆ ಇದೇ. ಇದರಲ್ಲಿರುವ ಅಪಾಯ ಮಳೆ. ಬೆಂಗಳೂರಿನಲ್ಲಿ ವರ್ಷದಲ್ಲೇ ಹೆಚ್ಚು ಮಳೆ ಸುರಿಯುವುದು ಸೆಪ್ಟೆಂಬರ್, ಅಕ್ಟೋಬರ್‌ಗಳಲ್ಲಿ. ತಾರಸಿಯಲ್ಲಿ ತೆರೆದಿಟ್ಟ ಟ್ರೇಗೆ ಒಂದು ಸಂಜೆಯ ಮಳೆ ಸಾಕು, ಬೀಜವೆಲ್ಲ ಮೋರಿ ಸೇರುತ್ತದೆ. ಬಾಲ್ಕನಿ ಅಥವಾ ಕಿಟಕಿಯ ಒಳಗೆ ಬೆಳೆಸಿ, ನವೆಂಬರ್ ಮಧ್ಯದಲ್ಲಿ ಹೊರಗೆ ತನ್ನಿರಿ. ಆಗಿನ ಬಿಸಿಲನ್ನು ಗಿಡ ಸಂತೋಷದಿಂದಲೇ ತಡೆಯುತ್ತದೆ.

ಬಿತ್ತುವ ತಾಳ್ಮೆಯಿಲ್ಲದಿದ್ದರೆ ನವೆಂಬರ್‌ನಲ್ಲಿ ಸಸ್ಯಕ್ಷೇತ್ರದಿಂದ ಸಸಿ ಕೊಳ್ಳಬಹುದು. ಹೂ ತುಂಬಿದ ಗಿಡ ನೋಡಿ ಮರುಳಾಗಬೇಡಿ. ಚಿಕ್ಕ ಚೀಲದಲ್ಲಿ ಹೂ ಬಿಟ್ಟ ಗಿಡದ ಬೇರು ಒಳಗೆ ಸುತ್ತಿಕೊಂಡಿರುತ್ತದೆ. ಮೊಗ್ಗು ಮಾತ್ರ ಇರುವ, ಬುಡದಲ್ಲಿ ಕವಲೊಡೆದ ಗಿಡ ಆರಿಸಿರಿ. ತಳಿಯ ಹೆಸರು ಕೇಳುವುದೂ ಒಳ್ಳೆಯದು: ಕ್ರಿಸ್ಟಲ್ ಪ್ಯಾಲೆಸ್ ಎಂಬುದು ಕಡುನೀಲಿ ಹೂವಿನ, ಕಂದು ಛಾಯೆಯ ಎಲೆಯ, ಗುಪ್ಪೆಯಾಗಿ ಬೆಳೆಯುವ ತಳಿ, ಸಫೈರ್, ರೆಗಾಟ ಮುಂತಾದವು ಜೋತು ಬೀಳುವಂಥವು, ತೂಗು ಕುಂಡಕ್ಕೆ ಹೊಂದುವಂಥವು. ತೂಗು ಕುಂಡ ಗಾಳಿಗೆ ಬೇಗ ಒಣಗುವುದರಿಂದ, ಊರಿಗೆ ಹೋಗಿ ಬರುವವರಿಗೆ ನೆಲದ ಕುಂಡವೇ ಕ್ಷೇಮ.

ಫೆಬ್ರವರಿಯಲ್ಲಿ ಮೊದಲ ಸುತ್ತಿನ ಹೂ ಮುಗಿದು ಗಿಡ ಕೆದರಿದಂತೆ ಕಾಣುವಾಗ, ಕತ್ತರಿಯಿಂದ ಅರ್ಧಕ್ಕೆ ಸವರಿ, ಒಂದು ಸಲ ಗೊಬ್ಬರ ಕೊಟ್ಟರೆ ಇನ್ನೊಂದು ಸುತ್ತು ಹೂ ಸಿಗುತ್ತದೆ. ಆ ಬಳಿಕ ಬೇಸಿಗೆ ದಾಟಿಸುವ ಆಸೆ ಎಲ್ಲರಿಗೂ ಬರುತ್ತದೆ. ಸವರಿದ ಗಿಡವನ್ನು ಬೆಳಗಿನ ಬಿಸಿಲು ಮಾತ್ರ ಬೀಳುವ ತಂಪು ಮೂಲೆಯಲ್ಲಿಟ್ಟು ಪ್ರಯತ್ನಿಸಬಹುದು, ಮಡಿಕೇರಿ, ಚಿಕ್ಕಮಗಳೂರಿನ ಎತ್ತರದ ಕಡೆ ಅದು ಫಲಿಸಲೂಬಹುದು. ಬೆಂಗಳೂರಿನ ತಾರಸಿಯಲ್ಲಿ ನಾನು ಅದನ್ನು ಸಲಹೆ ಮಾಡುವುದಿಲ್ಲ. ಒಣ ಸೆಕೆಯಲ್ಲಿ ಸೊರಗಿದ ಗಿಡಕ್ಕೆ ಕೆಂಪು ನುಸಿ ಹತ್ತಿ, ಪಕ್ಕದ ಗುಲಾಬಿಗೂ ಹರಡುತ್ತದೆ. ಮಂಗಳೂರಿನಂಥ ಕರಾವಳಿಯಲ್ಲಿ, ಚಳಿಗಾಲದ ಹಗಲೂ 30 ಡಿಗ್ರಿ ದಾಟುವ ಕಡೆ, ಲೊಬೇಲಿಯದ ಗೊಡವೆಯೇ ಬೇಡ. ವರ್ಷವಿಡೀ ನೀಲಿ ಬೇಕೆಂದರೆ ತಾರಸಿಯ ಬಿಸಿಲಿಗೆ ‘ಬ್ಲೂ ಡೇಜ್’ ಎಂದು ಮಾರುವ ಇವಾಲ್ವುಲಸ್ ಇದೆ. ನಮ್ಮ ಹೊಲದ ಬದುಗಳಲ್ಲಿ ತಾನಾಗಿ ಹಬ್ಬುವ ವಿಷ್ಣುಕ್ರಾಂತಿ ಅದೇ ಕುಲದ್ದು. ಮಳೆಗಾಲದ ನೆರಳಿಗಾದರೆ ಟೊರೇನಿಯ ನೆಡಿರಿ.

ಈಗ ಅತ್ತೆಯವರ ಮಾತು. ಅವರು ಹೇಳುವ ಕಾಡುಹೊಗೆಸೊಪ್ಪು ನಿಜವಾಗಿಯೂ ಲೊಬೇಲಿಯವೇ. ಅದರ ಶಾಸ್ತ್ರೀಯ ಹೆಸರು ಲೊಬೇಲಿಯ ನಿಕೋಟಿಯಾನಿಫೋಲಿಯ, ಹೊಗೆಸೊಪ್ಪಿನ ಎಲೆಯ ಲೊಬೇಲಿಯ ಎಂದೇ ಅರ್ಥ. ಪಶ್ಚಿಮಘಟ್ಟದ ಎತ್ತರದ ಹುಲ್ಲುಗುಡ್ಡಗಳಲ್ಲಿ ಆಳೆತ್ತರಕ್ಕೂ ಮೀರಿ ನಿಂತು, ತುದಿಯಲ್ಲಿ ಬಿಳಿಯ ಹೂಗಳ ಉದ್ದನೆಯ ತೆನೆ ಬಿಡುವ ಗಿಡ ಅದು. ಗೇಣುದ್ದದ ನಿಮ್ಮ ಕುಂಡದ ಗಿಡಕ್ಕೂ ಅದಕ್ಕೂ ನೆಂಟಸ್ತಿಕೆ ಹೇಗೆಂದು ಅನುಮಾನವಿದ್ದರೆ, ಹೂ ಬಿಟ್ಟಾಗ ಒಂದನ್ನು ಕಿತ್ತು ಮಗುಚಿ ನೋಡಿರಿ: ಕೆಳಗೆ ಮೂರು ದೊಡ್ಡ ಎಸಳು, ಮೇಲೆ ಎರಡು ಚಿಕ್ಕವು, ಮತ್ತು ಹೂವಿನ ಕೊಳವೆ ಬೆನ್ನಿನ ಕಡೆ ಉದ್ದಕ್ಕೆ ಸೀಳಿಕೊಂಡಿರುತ್ತದೆ. ಆ ಬೆನ್ನಿನ ಸೀಳು ಘಟ್ಟದ ಗಿಡದ ಹೂವಿನಲ್ಲಿಯೂ ಇದೆ.

ವಿಷದ ವಿಚಾರದಲ್ಲಿ, ಈ ಕುಲದ ಗಿಡಗಳಲ್ಲಿ ಲೊಬೆಲೀನ್ ಮೊದಲಾದ ಆಲ್ಕಲಾಯ್ಡುಗಳಿರುತ್ತವೆ, ಅವು ದೇಹದಲ್ಲಿ ಸ್ವಲ್ಪಮಟ್ಟಿಗೆ ನಿಕೋಟಿನ್‌ನಂತೆ ವರ್ತಿಸುತ್ತವೆ. ಕಾಡುಹೊಗೆಸೊಪ್ಪಿನ ಹಾಲು ಚರ್ಮಕ್ಕೆ ತಾಗಿದರೆ ಉರಿ, ಒಣಗಿದ ಗಿಡದ ಧೂಳು ಮೂಗಿಗೆ ಹೋದರೆ ಸೀನು. ಮಲೆನಾಡಿನವರ ಭಯಕ್ಕೆ ಆಧಾರವಿದೆ. ಕುಂಡದ ಲೊಬೇಲಿಯವನ್ನು ಮುಟ್ಟಿದ ಮಾತ್ರಕ್ಕೆ, ಅದರ ಪಕ್ಕದಲ್ಲಿ ಆಡಿದ ಮಾತ್ರಕ್ಕೆ ಅಪಾಯವಿಲ್ಲ, ತಿನ್ನುವುದು ಸಲ್ಲದು. ಹೆಚ್ಚು ತಿಂದರೆ ಜೊಲ್ಲು, ವಾಂತಿ, ಬೆವರು, ಎದೆಬಡಿತದ ಏರುಪೇರು ಉಂಟಾಗಬಹುದು. ಎರಡು ವರ್ಷದ ಮಗು ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕುವ ವಯಸ್ಸಿನದು, ಆದ್ದರಿಂದ ನೆಲದ ಕುಂಡ ಬೇಡ. ನಿಮ್ಮ ಮನೆಗೆ, ನಾನು ಮೇಲೆ ಹೇಳಿದ್ದಕ್ಕೆ ವಿರುದ್ಧವಾಗಿ, ತಲೆಯ ಮೇಲಿನ ತೂಗು ಕುಂಡವೇ ಸರಿ. ಉದುರಿದ ಹೂಗಳನ್ನು ದಿನವೂ ಗುಡಿಸಿರಿ, ಸವರಿದ ಕಡ್ಡಿಗಳನ್ನು ಕೂಡಲೇ ಎತ್ತಿಡಿರಿ, ಗಿಡ ಮುಟ್ಟಿದ ಕೈ ತೊಳೆಯಿರಿ. ಮಗು ಅಗಿದದ್ದು ಕಂಡರೆ ಬಾಯಿ ಒರೆಸಿ, ಬಲವಂತವಾಗಿ ವಾಂತಿ ಮಾಡಿಸದೆ, ಗಿಡದ ಒಂದು ತುಂಡನ್ನು ಜೊತೆಗಿಟ್ಟುಕೊಂಡು ವೈದ್ಯರಲ್ಲಿಗೆ ಹೋಗಿರಿ. ಇಷ್ಟು ಕಟ್ಟುನಿಟ್ಟು ಸಾಧ್ಯವಿಲ್ಲವೆನಿಸಿದರೆ ಮಗುವಿಗೆ ಐದು ತುಂಬುವವರೆಗೆ ಪೆಟೂನಿಯ ಬೆಳೆಸಿಕೊಂಡಿರಿ, ಅತ್ತೆಯವರಿಗೂ ನೆಮ್ಮದಿ.

ಬೆಳೆಸುವುದೆಂದು ನಿರ್ಧರಿಸಿದರೆ, ಉಳಿದ ಪೊಟ್ಟಣವನ್ನು ಗಾಳಿಯಾಡದ ಡಬ್ಬಿಯಲ್ಲಿ ಹಾಕಿ ಫ್ರಿಜ್ಜಿನ ಕೆಳಗಿನ ಭಾಗದಲ್ಲಿಡಿರಿ. ಒಣಗಿಯೂ ತಂಪಾಗಿಯೂ ಇದ್ದ ಬೀಜ ಎರಡು ವರ್ಷ ಕೆಡುವುದಿಲ್ಲ. ಸೆಪ್ಟೆಂಬರ್ ಮೊದಲಲ್ಲಿ ಒಂದು ಸಣ್ಣ ಚಿಟಿಕೆಯನ್ನು ಒದ್ದೆ ಟಿಶ್ಯೂ ಕಾಗದದ ಮೇಲೆ ಉದುರಿಸಿ, ಪಾರದರ್ಶಕ ಡಬ್ಬಿಯಲ್ಲಿ ಮುಚ್ಚಿ ಕಿಟಕಿಯ ಬೆಳಕಿಗಿಟ್ಟು ನೋಡಿರಿ. ಮೂರು ವಾರದೊಳಗೆ ಹಸಿರು ಚುಕ್ಕೆಗಳು ಕಂಡರೆ ಅರ್ಧ ಪೊಟ್ಟಣವನ್ನು ಆ ತಿಂಗಳ ಕೊನೆಯ ವಾರದಲ್ಲಿಯೂ, ಉಳಿದರ್ಧವನ್ನು ಹತ್ತು ದಿನ ಬಿಟ್ಟು ಇನ್ನೊಂದು ಟ್ರೇಯಲ್ಲಿಯೂ ಬಿತ್ತಿರಿ, ಒಂದು ಟ್ರೇ ಮಲಗಿದರೂ ಇನ್ನೊಂದು ಕೈಯಲ್ಲಿರುತ್ತದೆ.